ವಿಲಿಯಂ ವಿಲ್ಬರ್‌ಫೋರ್ಸ್ ದೊರೆಗಳ ಚರಿತ್ರೆ

ಇವರು 1759ನೆಯ ಇಸವಿಯಲ್ಲಿ ಇಂಗ್ಲೆಂಡು ದೇಶದ ಹಲ್ ಎಂಬ ರೇವುಪಟ್ಟಣದಲ್ಲಿ ವರ್ತಕರ ಮನೆಯಲ್ಲಿ ಹುಟ್ಟಿ, 21ನೆಯ ವಯಸ್ಸಿನಲ್ಲಿಯೇ ಪಾರ್ಲಿಮೆಂಟಿನ ಸದಸ್ಯರಾದರು. ಮೊದಲು ಇಸ್ಪೀಟಾಟ, ಔತಣಗಳಲ್ಲಿ ಕಾಲ ಕಳೆದರು. 1785ರಲ್ಲಿ ಇವರ ಮನಸ್ಸು ಕರ್ತನ ಕಡೆಗೆ ತಿರುಗಲು, ರಾಜ್ಯಕಾರ್ಯವನ್ನು ಬಿಡಬೇಕೋ ಎಂದು ಕಳವಳಪಟ್ಟು ಜಾನ್ ನ್ಯೂಟನ್ ಎಂಬ ಬೋಧಕರ ಬಳಿಗೆ ಗುಟ್ಟಾಗಿ ಹೋದರು. ಹಿಂದೆ ತಾವೇ ಗುಲಾಮರ ಹಡಗನ್ನು ನಡಿಸಿದ್ದ ಆ ವೃದ್ಧರು, ಇದ್ದ ಸ್ಥಾನದಲ್ಲಿಯೇ ದೇವರ ಸೇವೆ ಮಾಡಬೇಕೆಂದು ಬುದ್ಧಿಹೇಳಿದರು.

ಆಫ್ರಿಕದ ಜನರನ್ನು ಸರಪಣಿ ಬಿಗಿದು ಹಡಗುಗಳಲ್ಲಿ ಒಯ್ದು ಮಾರುವ ವ್ಯಾಪಾರವು ನಿಲ್ಲಬೇಕೆಂದು ಇವರು 1789ರಿಂದ ಸಭೆಯಲ್ಲಿ ವಾದಿಸಿದರು. 1791ರಲ್ಲಿ 88 ಮಂದಿ ಪರವಾಗಿಯೂ 163 ಮಂದಿ ವಿರೋಧವಾಗಿಯೂ ಮತಕೊಟ್ಟರು. 1796ರಲ್ಲಿ ಕೇವಲ 4 ಮತಗಳಿಂದ ಸೋತರು. ಆ ರಾತ್ರಿ ಇವರ ಪಕ್ಷದ ಕೆಲವರು ಹೊಸ ಸಂಗೀತನಾಟಕವನ್ನು ನೋಡಲು ಹೋಗಿದ್ದರಂತೆ! ವೈರಿಗಳ ಬಲಕ್ಕಿಂತ ಸ್ನೇಹಿತರ ಅಲಕ್ಷ್ಯವೇ ಅಂದು ಹೆಚ್ಚು ಕೇಡು ಮಾಡಿತೆಂದು ನಾವು ಎಣಿಸುತ್ತೇವೆ. ದೇಹಸೌಖ್ಯ ಕೆಟ್ಟರೂ ಇವರು ಪ್ರಯತ್ನವನ್ನು ಬಿಡಲಿಲ್ಲ. 1807ರಲ್ಲಿ 283 ಮಂದಿ ಪರವಾಗಿ ನಿಂತರು. ವಿರೋಧಿಸಿದವರು 16 ಮಂದಿ ಮಾತ್ರ. ಇವರು ತಲೆತಗ್ಗಿಸಿ ಕಣ್ಣೀರು ಸುರಿಸಿದರು.

1813ರಲ್ಲಿ ಕಂಪೆನಿಯ ಸನ್ನದಿನ ಮೂಲಕ ನಮ್ಮ ದೇಶಕ್ಕೆ ಮಿಶನರಿಗಳು ಬರುವಂತೆ ದಾರಿ ತೆರೆಯಿಸಿದವರಲ್ಲಿಯೂ ಇವರೊಬ್ಬರು.

ವ್ಯಾಪಾರವು ನಿಂತರೂ ದಾಸತ್ವವು ಉಳಿದಿತ್ತು. ಅದನ್ನು ತೆಗೆದುಹಾಕುವ ಕಾಯಿದೆಯು ಕಾಮನ್ಸ್ ಸಭೆಯಲ್ಲಿ ನಿಶ್ಚಯವಾಯಿತೆಂಬ ಸುದ್ದಿಯನ್ನು 1833ನೆಯ ಜುಲೈ 26ರಲ್ಲಿ ರೋಗಶಯ್ಯೆಯಲ್ಲಿ ಕೇಳಿ, 29ರಲ್ಲಿ ಕರ್ತನಲ್ಲಿ ನಿದ್ರೆಹೋದರು.