ಬೆಳಕಿನ ಸದ್ದು ಕೇಳಿದ ಗ್ರಹಾಂ ಬೆಲ್

ಮಕ್ಕಳೇ, ನಮ್ಮ ಹಾನಗಲ್, ಸವಣೂರು ಕಡೆ ಕಾರಹುಣ್ಣಿಮೆಗೆ ಎತ್ತುಗಳ ಕೋಡಿಗೆ ಬಣ್ಣ ಬಳಿಯುವುದನ್ನು ನೀವು ನೋಡಿದ್ದೀರಿ. ಹೋದ ವರ್ಷದ ಬಣ್ಣದ ಮೇಲೆಯೇ ಈ ವರ್ಷದ ಬಣ್ಣ. ಮೇಲಿನ ಪದರವನ್ನು ಕೆರೆಯದೆ ಕೆಳಗೇನಿದೆ ಎಂದು ತಿಳಿಯಬಹುದೇ? ಪದರ ತೆಳುವಾಗಿದ್ದರೆ ತಿಳಿಯಬಹುದು. ಬೆಳಕು ಹಾಯಿಸಿ ಸದ್ದು ಕೇಳಬೇಕು! ಈ ದಾರಿ ತೋರಿದವರು ಟೆಲಿಫೋನಿನಿಂದ ಹೆಸರಾದ ಅಲೆಕ್ಸಾಂಡರ್ ಗ್ರಹಾಂ ಬೆಲ್.

ಬೆಲ್ 1847ರ ಮಾರ್ಚ್ 3ರಂದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿದರು. ತಾಯಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಮುಂದೆ ಬೆಲ್ ಅಮೆರಿಕದ ಬಾಸ್ಟನ್ನಿನಲ್ಲಿ ಕಿವುಡ ಮಕ್ಕಳಿಗೆ ಪಾಠ ಹೇಳಿದರು. 1876ರಲ್ಲಿ ಟೆಲಿಫೋನಿಗೆ ಪೇಟೆಂಟ್ ಪಡೆದಾಗ ಅವರಿಗೆ 29 ವರ್ಷ. ಮರುವರ್ಷ ಅವರ ಕೈಹಿಡಿದ ಮೇಬಲ್ ಅವರಿಗೂ ಕಿವಿ ಕೇಳಿಸುತ್ತಿರಲಿಲ್ಲ.

1880ರಲ್ಲಿ ಬೆಲ್ ತಮ್ಮ ಸಹಾಯಕ ಟೇಂಟರ್ ಜೊತೆ ಸೇರಿ, ತಂತಿಯಿಲ್ಲದೆ ಬೆಳಕಿನ ಮೂಲಕ ಮಾತು ಕಳಿಸುವ ಫೋಟೋಫೋನ್ ತಯಾರಿಸಿದರು. ವಾಷಿಂಗ್ಟನ್ನಿನ ಒಂದು ಶಾಲೆಯ ಮಾಳಿಗೆಯಿಂದ ಹೊರಟ ಮಾತು ಸುಮಾರು 213 ಮೀಟರ್ ದೂರದಲ್ಲಿ ಕೇಳಿಸಿತು. ಟೆಲಿಫೋನಿಗಿಂತ ಇದೇ ದೊಡ್ಡ ಸಾಧನೆ ಎಂದು ಅವರು ನಂಬಿದ್ದರು. ಆ ವರ್ಷ ಹುಟ್ಟಿದ ಮಗಳಿಗೆ ಫೋಟೋಫೋನ್ ಎಂದೇ ಹೆಸರಿಡಲು ಬಯಸಿದ್ದರಂತೆ, ಮೇಬಲ್ ಒಪ್ಪಲಿಲ್ಲ! ಆದರೆ ಮೋಡ, ಮಂಜು ಕವಿದರೆ ಮಾತು ನಿಲ್ಲುತ್ತಿತ್ತು. ಹಾಗಾಗಿ ಅದು ಬಳಕೆಗೆ ಬರಲಿಲ್ಲ.

ಆ ಕೆಲಸದಲ್ಲೇ ಒಂದು ಸೋಜಿಗ ಕಂಡಿತು. ತೂತುಗಳಿರುವ ಚಕ್ರವನ್ನು ಗಿರಗಿರನೆ ತಿರುಗಿಸಿ, ಬಿಸಿಲನ್ನು ಬಿಟ್ಟು ಬಿಟ್ಟು ವಸ್ತುವಿನ ಮೇಲೆ ಬೀಳಿಸಿದರೆ ಸದ್ದು ಬರುತ್ತಿತ್ತು. ಏಕೆ ಗೊತ್ತೇ? ಬೆಳಕನ್ನು ಹೀರಿದ ವಸ್ತು ಬಿಸಿಯಾಗುತ್ತದೆ, ಬೆಳಕು ನಿಂತಾಗ ತಣಿಯುತ್ತದೆ. ಅದಕ್ಕೆ ತಾಗಿದ ಗಾಳಿ ಹಿಗ್ಗಿ ಕುಗ್ಗುತ್ತದೆ. ಅದೇ ಸದ್ದು. ಕೆಂಪು ಉಣ್ಣೆ ಹಸಿರು ಬೆಳಕನ್ನು ಚೆನ್ನಾಗಿ ಹೀರುವುದರಿಂದ ಹಸಿರು ಬೆಳಕಿನಲ್ಲೇ ಅದರ ಸದ್ದು ಹೆಚ್ಚು. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲೂ ಬೆಲ್ ಸದ್ದು ಕೇಳಿದರು. 1881ರಲ್ಲಿ ಇದನ್ನೆಲ್ಲ ಬರೆದು ಪ್ರಕಟಿಸಿದರು.

ಆದರೆ ಆಗ ಇಂಥ ಸಣ್ಣ ಸದ್ದನ್ನು ಅಳೆಯುವ ಸೂಕ್ಷ್ಮ ಮೈಕ್ರೊಫೋನ್ ಇರಲಿಲ್ಲ. ಶೋಧ ಮೂಲೆ ಸೇರಿತು. 1922ರ ಆಗಸ್ಟ್ 2ರಂದು ಬೆಲ್ ತೀರಿಕೊಂಡರು. ಅವರ ಅಂತ್ಯಕ್ರಿಯೆಯಂದು ಉತ್ತರ ಅಮೆರಿಕದ ಟೆಲಿಫೋನುಗಳು ಒಂದು ನಿಮಿಷ ಮೌನವಾದವು.

1970ರ ದಶಕದಲ್ಲಿ ವಿಜ್ಞಾನಿಗಳು ಈ ಶೋಧವನ್ನು ಮತ್ತೆ ಕೈಗೆತ್ತಿಕೊಂಡರು. ಒಂದೊಂದು ವಸ್ತುವೂ ಅವಕೆಂಪು ಕಿರಣಗಳಲ್ಲಿ ಬೇರೆ ಬೇರೆಯವನ್ನು ಹೀರುತ್ತದೆ. ಆದ್ದರಿಂದ ಸದ್ದಿನಿಂದಲೇ ವಸ್ತುವನ್ನು ಗುರುತಿಸಬಹುದು. ಬೆಳಕನ್ನು ಬೇಗ ಬೇಗ ತಡೆದರೆ ಮೇಲ್ಪದರದ ಸದ್ದಷ್ಟೇ ಬರುತ್ತದೆ. ಆಳದ ಶಾಖಕ್ಕೆ ಮೇಲೆ ಬರಲು ಸಮಯ ಸಾಲದು. ನಿಧಾನವಾಗಿ ತಡೆದರೆ ಒಳಪದರದ ಸದ್ದೂ ಸೇರುತ್ತದೆ. ಹೀಗೆ ಬಣ್ಣದ ಲೇಪ, ಪ್ಲಾಸ್ಟಿಕ್ ಹಾಳೆಗಳ ಪದರಗಳನ್ನು ಕೆರೆಯದೆ ಪರೀಕ್ಷಿಸುತ್ತಾರೆ. ಇದೇ ಅವಕೆಂಪು ದ್ಯುತಿಧ್ವನಿ ರೋಹಿತದರ್ಶನ.

ಮಕ್ಕಳೇ, ನಿಮ್ಮ ಪ್ರಯೋಗ ಇಂದು ಫಲ ಕೊಡದಿದ್ದರೂ ಕಂಡದ್ದನ್ನು, ಕೇಳಿದ್ದನ್ನು ಬರೆದಿಡಿ. ಬೆಲ್ ಬರೆದಿಟ್ಟದ್ದು ಸುಮಾರು 90 ವರ್ಷಗಳ ನಂತರ ಕೆಲಸಕ್ಕೆ ಬಂತು.