ಹೆಜ್ಜೆಯ ಒತ್ತಡವನ್ನು ಬರೆಯಿಸಿದ ಮಾರೇ

ನಾವು ದಿನವೂ ಪಾದರಕ್ಷೆಗಳನ್ನು ಮೆಟ್ಟಿ ಶಾಲೆಗೆ ನಡೆದು ಬರುತ್ತೇವೆ. ಆದರೆ ನಮ್ಮ ಪಾದವು ಅವನ್ನು ಯಾವ ಕ್ಷಣದಲ್ಲಿ ಒತ್ತುತ್ತದೆ, ಯಾವ ಕ್ಷಣದಲ್ಲಿ ಬಿಡುತ್ತದೆ ಎಂಬುದನ್ನು ನಾವು ಯೋಚಿಸುವುದಿಲ್ಲ. ಅದನ್ನು ಯೋಚಿಸಿದುದಲ್ಲದೆ, ಪಾದರಕ್ಷೆಯಿಂದಲೇ ಕಾಗದದ ಮೇಲೆ ಬರೆಯಿಸಿದ ಮಹನೀಯನು ಫ್ರಾನ್ಸ್ ದೇಶದ ಎತ್ಯೆನ್ ಜೂಲ್ ಮಾರೇ.

ಮಾರೇಯು 1830ರಲ್ಲಿ ಬೋನ್ ಎಂಬ ಊರಿನಲ್ಲಿ ಜನಿಸಿದನು. ಯಂತ್ರವಿದ್ಯೆಯ ಕಡೆಗೆ ಅವನ ಮನಸ್ಸು ಒಲಿದಿತ್ತು. ಮಗನು ವೈದ್ಯನಾಗಬೇಕೆಂಬುದು ತಂದೆಯ ಇಚ್ಛೆ. ತಂದೆಯ ಮಾತಿನಂತೆ ಅವನು 1849ರಲ್ಲಿ ಪ್ಯಾರಿಸ್ ನಗರಕ್ಕೆ ಬಂದು ವೈದ್ಯಶಾಸ್ತ್ರವನ್ನು ಓದಿದನು. ಆದರೂ ಅವನ ಕೈ ಯಂತ್ರಗಳನ್ನು ಬಿಡಲಿಲ್ಲ.

ನಾಡಿಯ ಬಡಿತವನ್ನು ದಾಖಲಿಸುವ ಉಪಕರಣವೊಂದನ್ನು ಜರ್ಮನಿಯ ಫೀರೋರ್ಟನು ಅದಾಗಲೇ ರಚಿಸಿದ್ದನು. ಆದರೆ ಅದರ ಸನ್ನೆಕೋಲು ಭಾರವಾದುದು. ನಾಡಿಯ ಸೂಕ್ಷ್ಮವಾದ ಏರಿಳಿತಗಳು ಆ ಭಾರದಲ್ಲಿಯೇ ಅಡಗಿಹೋಗುತ್ತಿದ್ದುವು. ಮಾರೇಯು 1860ರ ಸುಮಾರಿಗೆ ಹಗುರವಾದ ಸನ್ನೆಕೋಲನ್ನೂ ಸ್ಪ್ರಿಂಗನ್ನೂ ಜೋಡಿಸಿ, ಮಣಿಕಟ್ಟಿಗೆ ಕಟ್ಟಿಕೊಳ್ಳುವ ಹೊಸ ಉಪಕರಣವನ್ನು ನಿರ್ಮಿಸಿದನು. ಅದು ಮಸಿ ಹಿಡಿಸಿದ ಕಾಗದದ ಮೇಲೆ ನಾಡಿಯ ರೇಖೆಯನ್ನು ಬರೆಯಿತು. ಆ ರೇಖೆಯು ದೇಹದ್ದೋ, ಉಪಕರಣದ್ದೋ? ಈ ಸಂಶಯವು ಅವನನ್ನು ಎಂದೂ ಬಿಡಲಿಲ್ಲ. ರಬ್ಬರು ಕೊಳವೆಗಳಿಂದ ಕೃತಕ ರಕ್ತಪರಿಚಲನೆಯೊಂದನ್ನು ರಚಿಸಿ, ಅದರಲ್ಲಿ ತಾನೇ ಎಬ್ಬಿಸಿದ ಅಲೆಗಳನ್ನು ಅವನು ಅಭ್ಯಸಿಸಿದನು.

ಬಳಿಕ ಅವನ ದೃಷ್ಟಿಯು ನಡಿಗೆಯ ಕಡೆಗೆ ತಿರುಗಿತು. ಪಾದರಕ್ಷೆಯ ದಪ್ಪನಾದ ರಬ್ಬರು ಅಟ್ಟೆಯೊಳಗೆ ಗಾಳಿಯ ಕೋಶವೊಂದನ್ನು ಇರಿಸಿದನು. ಪಾದವು ಒತ್ತಿದಾಗ ಕೋಶದ ಗಾಳಿಯು ಕೊಳವೆಯಲ್ಲಿ ಹರಿದು, ನಡೆಯುವವನು ಕೈಯಲ್ಲಿ ಹಿಡಿದಿದ್ದ ಯಂತ್ರದ ಲೇಖನಿಯನ್ನು ಎತ್ತುತ್ತಿತ್ತು. ನಡೆಯುವಾಗ ಒಂದಲ್ಲ ಒಂದು ಪಾದವು ನೆಲವನ್ನು ಮುಟ್ಟಿರುವುದೆಂದೂ, ಓಡುವಾಗ ಎರಡೂ ಪಾದಗಳು ಕ್ಷಣಕಾಲ ನೆಲವನ್ನು ಬಿಡುವುವೆಂದೂ ರೇಖೆಗಳು ಸಾರಿದುವು. ಕುದುರೆಯ ಗೊರಸುಗಳಿಗೂ ಅವನು ರಬ್ಬರು ಚೆಂಡುಗಳನ್ನು ಕಟ್ಟಿದನು. ಗಟ್ಟಿಯಾದ ರಸ್ತೆಯಲ್ಲಿ ಅವು ಬಾಳಲಿಲ್ಲ. ಆಗ ಕಾಲಿಗೆ ತೊಡಿಸುವ ತೊಗಲಿನ ಪಟ್ಟಿಯನ್ನು ರೂಪಿಸಿದನು. 1873ರಲ್ಲಿ ಈ ಶೋಧಗಳೆಲ್ಲ ಗ್ರಂಥರೂಪದಲ್ಲಿ ಪ್ರಕಟವಾದುವು. ಓಡುವ ಕುದುರೆಯ ನಾಲ್ಕೂ ಕಾಲುಗಳು ಒಮ್ಮೆ ನೆಲವನ್ನು ಬಿಡುವುವೆಂಬುದನ್ನು 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜನು ತೆಗೆದ ಛಾಯಾಚಿತ್ರಗಳೂ ತೋರಿಸಿದುವು. ಬೇರೊಂದು ಮಾರ್ಗದಿಂದ ಬಂದ ಸಾಕ್ಷಿಯು ಒಪ್ಪಿದಾಗಲಲ್ಲವೆ ಅಳತೆಯ ಮೇಲೆ ನಮಗೆ ನಂಬಿಕೆ ಬಲಿಯುವುದು!

ಮುಂದೆ ಮಾರೇಯೂ ಛಾಯಾಚಿತ್ರಕ್ಕೆ ಒಲಿದನು. 1882ರಲ್ಲಿ ಅವನು ರಚಿಸಿದ ಬಂದೂಕಿನಾಕಾರದ ಕ್ಯಾಮೆರಾವು ಸೆಕೆಂಡಿಗೆ 12 ಚಿತ್ರಗಳನ್ನು ತೆಗೆಯುತ್ತಿತ್ತು. ಹಾರುವ ಹಕ್ಕಿಯ ಮೈಮೇಲೆ ಯಾವ ಭಾರವನ್ನೂ ಹೊರಿಸಬೇಕಾಗಿರಲಿಲ್ಲ. 1904ರಲ್ಲಿ ಅವನು ಕಾಲವಾದನು.

ಇಂದು ಕೃತಕ ಕಾಲಿನ ಬಟ್ಟಲೊಳಗೂ ಮಧುಮೇಹಿಗಳ ಪಾದರಕ್ಷೆಯೊಳಗೂ ಕಾಗದದಷ್ಟು ತೆಳ್ಳಗಿನ ಒತ್ತಡಮಾಪಕಗಳನ್ನು ಇರಿಸಿ ನೋಡುತ್ತಾರೆ. ಸ್ಪರ್ಶಜ್ಞಾನವನ್ನು ಕಳೆದುಕೊಂಡ ಪಾದಕ್ಕೆ ಅತಿಯಾದ ಒತ್ತಡವು ತಿಳಿಯುವುದಿಲ್ಲ. ಮಾಪಕವು ತಪ್ಪು ಹೇಳಿದರೆ ಹುಣ್ಣಾಗುವ ಭಯವುಂಟು. ಆದುದರಿಂದ ತಿಳಿದ ತೂಕವನ್ನು ಹೇರಿ, ಇಳಿಸಿ, ಮತ್ತೆ ಹೇರಿ, ಪ್ರತಿಸಲವೂ ಅದೇ ಉತ್ತರ ಬರುವುದೋ ಎಂದು ಮೊದಲು ಪರೀಕ್ಷಿಸುತ್ತಾರೆ. ಮಾಪಕದ ದಪ್ಪವೇ ಹೊಸ ಒತ್ತಡವನ್ನು ಉಂಟುಮಾಡದಂತೆಯೂ ಎಚ್ಚರ ವಹಿಸುತ್ತಾರೆ. ಉಪಕರಣವು ತನ್ನ ಮಾತನ್ನು ಬಿಟ್ಟು ದೇಹದ ಮಾತನ್ನು ಹೇಳಬೇಕೆಂಬ ಮಾರೇಯ ಹಂಬಲವೇ ಇದು. ಪ್ರಯೋಗಶಾಲೆಯಲ್ಲಿ ತಕ್ಕಡಿಯನ್ನು ಹಿಡಿಯುವಾಗ, ಮೊದಲು ತಕ್ಕಡಿಯನ್ನೇ ಪರೀಕ್ಷಿಸುವ ಅವನ ಗುಣವನ್ನು ನಾವೂ ರೂಢಿಸಿಕೊಳ್ಳೋಣ.