ಆಕಾಶದಲ್ಲಿ ಮೊದಲು ನಿದ್ದೆ ಮಾಡಿದ ಮೇಷ್ಟ್ರ ಮಗ

2003ರ ಫೆಬ್ರವರಿ ತಿಂಗಳು. ನಾನಾಗ ನಮ್ಮ ಶಾಲೆಯಲ್ಲಿ 9ನೇ ತರಗತಿ ಓದುತ್ತಿದ್ದೆ. ಕೊಲಂಬಿಯಾ ನೌಕೆ ಆಕಾಶದಲ್ಲೇ ಒಡೆದು ಕಲ್ಪನಾ ಚಾವ್ಲಾ ಸೇರಿದಂತೆ ಏಳು ಜನ ತೀರಿಕೊಂಡ ಸುದ್ದಿಯನ್ನು ಸೋಮವಾರದ ಪ್ರಾರ್ಥನೆಯಲ್ಲಿ ಓದಿ, ಎಲ್ಲರೂ ಎರಡು ನಿಮಿಷ ಮೌನವಾಗಿ ನಿಂತೆವು. ಆಮೇಲೆ ವಿಜ್ಞಾನದ ಪಿರಿಯಡ್‌ನಲ್ಲಿ ನಾನು ಎದ್ದು ನಿಂತು, ಹದಿನಾರು ದಿನ ಮೇಲಿದ್ದವರು ರಾತ್ರಿ ಮಲಗುತ್ತಿದ್ದುದು ಹೇಗೆ ಎಂದು ಕೇಳಿದೆ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಮ್ಮ ಸರ್ ಮಾತ್ರ ನಗಲಿಲ್ಲ. ತಮಗೆ ಸರಿಯಾಗಿ ಗೊತ್ತಿಲ್ಲವೆಂದು ಒಪ್ಪಿಕೊಂಡು, ನಿನಗೆ ಗೊತ್ತಾದ ದಿನ ಬಂದು ನನಗೂ ಹೇಳು ಎಂದು ಆ ಕೆಲಸವನ್ನು ನನಗೇ ವಹಿಸಿದರು. ಈ ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೇಳಿದಾಗ ನೆನಪಾದದ್ದು ಆ ಬಾಕಿ.

ಉತ್ತರ ಹುಡುಕುತ್ತಾ ಹೋದಾಗ ಸಿಕ್ಕವರು ರಷ್ಯಾದ ಗೆರ್ಮನ್ ಟಿಟೊವ್. 1961ರಲ್ಲಿ ಪ್ರಪಂಚದ ಪತ್ರಿಕೆಗಳೆಲ್ಲ ಮುಖಪುಟದಲ್ಲಿ ಇವರ ಚಿತ್ರ ಹಾಕಿದ್ದವು. ಈಗ ನಮ್ಮ ಕಡೆಯ ಕ್ವಿಜ್ ಸ್ಪರ್ಧೆಗಳಲ್ಲಿ ಗಗಾರಿನ್ ಹೆಸರು ತಪ್ಪದೆ ಬರುತ್ತದೆ, ಟಿಟೊವ್ ಹೆಸರು ಬರುವುದಿಲ್ಲ. ಎರಡನೆಯವರನ್ನು ಯಾರು ಕೇಳುತ್ತಾರೆ?

ಟಿಟೊವ್ ಹುಟ್ಟಿದ್ದು 1935ರ ಸೆಪ್ಟೆಂಬರ್ 11ರಂದು, ಸೈಬೀರಿಯಾದ ಅಲ್ತಾಯ್ ಪ್ರಾಂತದ ಒಂದು ಹಳ್ಳಿಯಲ್ಲಿ. ತಂದೆ ಸ್ತೆಪಾನ್ ಹಳ್ಳಿ ಶಾಲೆಯ ಮೇಷ್ಟ್ರು, ರಷ್ಯನ್ ಭಾಷೆ ಮತ್ತು ಸಾಹಿತ್ಯ ಕಲಿಸುತ್ತಿದ್ದರು. ಪುಷ್ಕಿನ್ ಕವಿಯೆಂದರೆ ಅವರಿಗೆ ಪ್ರಾಣ. ಮಗನಿಗೂ ಮಗಳಿಗೂ ಅವನ ಕೃತಿಗಳ ಪಾತ್ರಗಳ ಹೆಸರನ್ನೇ ಇಟ್ಟರು. ಕುಮಾರವ್ಯಾಸನನ್ನು ಓದಿ ಓದಿ ಮಕ್ಕಳಿಗೆ ಆ ಕಾವ್ಯದ ಹೆಸರುಗಳನ್ನೇ ಇಡುವ ಮೇಷ್ಟ್ರು ನಮ್ಮಲ್ಲೂ ಇದ್ದರಲ್ಲ, ಹಾಗೆ.

ಹುಡುಗನಾಗಿದ್ದಾಗ ಸೈಕಲ್‌ನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರು. ಮುಂದೆ ಪೈಲಟ್ ಆಗಬೇಕೆಂಬ ಆಸೆ ಬಂದಾಗ, ಈ ವಿಷಯ ತಿಳಿದರೆ ತೆಗೆದುಕೊಳ್ಳುವುದಿಲ್ಲವೆಂದು ವೈದ್ಯರ ಮುಂದೆ ಬಾಯಿ ಬಿಡಲಿಲ್ಲ. ದಿನವೂ ಕಸರತ್ತು ಮಾಡಿ ಆ ಕೈಯನ್ನು ಗಟ್ಟಿ ಮಾಡಿಕೊಂಡರು. ಯಾವ ತಪಾಸಣೆಯಲ್ಲೂ ಅದು ಸಿಕ್ಕಿಬೀಳಲಿಲ್ಲ. ಈ ಮುಚ್ಚಿಟ್ಟ ಕೈಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಇದರ ಮಾತು ಬರುತ್ತದೆ.

1957ರಲ್ಲಿ ವಾಯುಪಡೆಯ ಪೈಲಟ್ ಆದರು. 1960ರಲ್ಲಿ ಗಗನಯಾತ್ರಿಗಳ ಮೊದಲ ತಂಡಕ್ಕೆ ಆಯ್ಕೆಯಾದ 20 ಜನರಲ್ಲಿ ಒಬ್ಬರಾದರು. ಆ ತರಬೇತಿಯ ದಿನಗಳಲ್ಲೇ ಅವರ ಚೊಚ್ಚಲ ಕೂಸು ತೀರಿಹೋಯಿತು. ಆ ದುಃಖ ಇಟ್ಟುಕೊಂಡೇ ತರಬೇತಿ ಮುಗಿಸಿದರು.

1961ರ ಏಪ್ರಿಲ್ 12ರ ಬೆಳಿಗ್ಗೆ ಗಗಾರಿನ್ ಜೊತೆ ಅದೇ ಬಸ್ಸಿನಲ್ಲಿ, ಅಂಥದೇ ಪೋಷಾಕು ತೊಟ್ಟು ಟಿಟೊವ್ ಕೂಡ ಉಡಾವಣೆಯ ಜಾಗಕ್ಕೆ ಹೋದರು. ಗಗಾರಿನ್‌ಗೆ ಏನಾದರೂ ಆದರೆ ಇವರು ಹತ್ತಬೇಕಿತ್ತು. ಏನೂ ಆಗಲಿಲ್ಲ. 108 ನಿಮಿಷದಲ್ಲಿ ಗಗಾರಿನ್ ಜಗತ್ತಿನ ಮೊದಲಿಗರಾದರು. ಇವರು ಪೋಷಾಕು ಕಳಚಿದರು. ಯಾತ್ರಿಗಳ ತರಬೇತಿಯ ಮೇಲ್ವಿಚಾರಕರಾಗಿದ್ದ ಕಮಾನಿನ್ ಬರೆದಿಟ್ಟ ದಿನಚರಿ ಬಹಳ ವರ್ಷಗಳ ನಂತರ ಹೊರಬಂತು. ಇಬ್ಬರಲ್ಲಿ ಹೆಚ್ಚು ಗಟ್ಟಿಯಾದವರನ್ನು ಮುಂದಿನ ದೀರ್ಘ ಯಾನಕ್ಕೆ ಉಳಿಸಿಕೊಳ್ಳಬೇಕೆಂಬ ಲೆಕ್ಕ ಅದರಲ್ಲಿದೆ. ಆ ದಿನ ಬಸ್ಸಿನಲ್ಲಿ ಕೂತಿದ್ದ 25 ವರ್ಷದ ಹುಡುಗನಿಗೆ ಇದರಿಂದ ಏನು ಸಮಾಧಾನ?

ಆ ದೀರ್ಘ ಯಾನ ಎಂದರೆ ಒಂದು ಪೂರ್ತಿ ದಿನ. ವೈದ್ಯರು ಮೂರೇ ಸುತ್ತು ಸಾಕು ಎನ್ನುತ್ತಿದ್ದರು. ಮುಖ್ಯ ಎಂಜಿನಿಯರ್ ಕೊರೊಲ್ಯೊವ್ ಒಪ್ಪಲಿಲ್ಲ. ಕಾರಣವೂ ಇತ್ತು. ನೌಕೆ ಸುತ್ತುತ್ತಿರುವಾಗ ಕೆಳಗೆ ಭೂಮಿಯೂ ತಿರುಗುತ್ತಿರುತ್ತದೆ. ಮೊದಲ ಕೆಲವು ಸುತ್ತುಗಳಲ್ಲಿ ಇಳಿಯದಿದ್ದರೆ ನೌಕೆಯ ದಾರಿ ಅವರ ದೇಶದಿಂದ ಆಚೆ ಸರಿದು, ಮತ್ತೆ ಅದೇ ನೆಲದ ಮೇಲೆ ಬರಲು ಸುಮಾರು ಒಂದು ದಿನ ಕಾಯಬೇಕು. ಒಂದು ದಿನ ಎಂದ ಮೇಲೆ ಉಣ್ಣಬೇಕು, ಮಲಗಬೇಕು. ತೂಕವೇ ಇಲ್ಲದ ಕಡೆ ಮನುಷ್ಯನಿಗೆ ನಿದ್ದೆ ಹತ್ತುತ್ತದೆಯೇ, ಹತ್ತಿದರೆ ಎಚ್ಚರವಾಗುತ್ತದೆಯೇ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ನಮ್ಮ ತರಗತಿ ನಕ್ಕ ಪ್ರಶ್ನೆಯನ್ನು ದೊಡ್ಡ ದೊಡ್ಡ ವಿಜ್ಞಾನಿಗಳೂ ಕೇಳಿಕೊಂಡಿದ್ದರು ಎಂದು ತಿಳಿದಾಗ ನನಗೆ ಸ್ವಲ್ಪ ಖುಷಿಯಾದದ್ದು ನಿಜ.

ತೂಕವಿಲ್ಲದ ಸ್ಥಿತಿ ಎಂದರೆ ಭೂಮಿಯ ಸೆಳೆತ ಇಲ್ಲ ಎಂದಲ್ಲ. ಅಷ್ಟು ಎತ್ತರದಲ್ಲೂ ಸೆಳೆತ ಬಹುತೇಕ ಇಲ್ಲಿರುವಷ್ಟೇ ಇರುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿದು ಕೆಳಗೆ ಬೀಳುವುದನ್ನು ನಮ್ಮಲ್ಲಿ ಬಹಳ ಜನ ನೋಡಿದ್ದಾರೆ. ಕೈಬಿಟ್ಟ ಕ್ಷಣದಿಂದ ಭಕ್ತರ ಕೈ ಸೇರುವವರೆಗಿನ ಆ ಚಿಟಿಕೆ ಹೊತ್ತಿನಲ್ಲಿ ಅವರಿಗೆ ತಮ್ಮ ತೂಕ ತಿಳಿಯುವುದಿಲ್ಲ. ನೌಕೆಯೂ ಹಾಗೆಯೇ ಬೀಳುತ್ತಲೇ ಇರುತ್ತದೆ. ಆದರೆ ಎಷ್ಟು ವೇಗವಾಗಿ ಮುಂದೆ ಓಡುತ್ತಿರುತ್ತದೆಂದರೆ, ಬಿದ್ದಷ್ಟೂ ನೆಲ ಬಾಗಿಕೊಂಡು ಹೋಗಿ ಕೈಗೆ ಸಿಗುವುದೇ ಇಲ್ಲ.

1961ರ ಆಗಸ್ಟ್ 6ರ ಬೆಳಿಗ್ಗೆ ವೊಸ್ತೋಕ್-2 ಏರಿ ಟಿಟೊವ್ ಹೊರಟರು. ಕೊಟ್ಟೂರಿನಲ್ಲಿ ಬಸ್ ಹತ್ತಿದವರು ಹರಪನಹಳ್ಳಿ ದಾಟಿ ದಾವಣಗೆರೆ ಮುಟ್ಟುವಷ್ಟರಲ್ಲಿ ಅವರದು ಭೂಮಿಯ ಒಂದು ಸುತ್ತು ಮುಗಿದಿರುತ್ತಿತ್ತು. ಮೇಲೆ ಹೋದ ಕೂಡಲೇ ತಲೆಕೆಳಗಾಗಿ ತೂಗುಬಿದ್ದಂತೆ ಅನ್ನಿಸಿತು. ಮುಂದಿನ ಸುತ್ತುಗಳಲ್ಲಿ ತಲೆ ತಿರುಗಿ ಹೊಟ್ಟೆ ತೊಳೆಸಿತು, ಉಂಡದ್ದು ವಾಂತಿಯಾಯಿತು. ಅದರ ನಡುವೆಯೇ ನೌಕೆಯನ್ನು ಕೈಯಿಂದ ತಿರುಗಿಸಿ ನೋಡಿದರು, ಕಿಟಕಿಯಿಂದ ಭೂಮಿಯ ಚಿತ್ರ ತೆಗೆದರು.

ಏಳನೇ ಸುತ್ತಿನ ಹೊತ್ತಿಗೆ ಮಲಗುವ ಸಮಯ ಬಂತು. ಕೂತ ಕುರ್ಚಿಯೇ ಹಾಸಿಗೆ, ಮೈಗೆ ಬೆಲ್ಟು. ಕಣ್ಣು ಮುಚ್ಚಿ ಮೈ ಸಡಿಲ ಬಿಟ್ಟರೆ ಎರಡೂ ಕೈಗಳು ತಾವಾಗಿಯೇ ಎದ್ದು ಮುಖದ ಮುಂದೆ ತೇಲತೊಡಗಿದವು. ಕೈಗಳನ್ನು ಎಳೆದು ಬೆಲ್ಟಿನ ಕೆಳಗೆ ಸಿಕ್ಕಿಸಿಕೊಂಡ ಮೇಲೆ ನಿದ್ದೆ ಹತ್ತಿತು. ಎಂಥ ನಿದ್ದೆಯೆಂದರೆ, ಏಳಬೇಕಾದ ಹೊತ್ತಿಗಿಂತ ಅರ್ಧ ಗಂಟೆಗೂ ಹೆಚ್ಚು ತಡವಾಗಿ ಎದ್ದರು! ಎದ್ದಾಗ ಹೊಟ್ಟೆ ತೊಳೆಸುವುದು ಬಹಳ ಕಡಿಮೆಯಾಗಿತ್ತು, ಇನ್ನು ಕೆಲವು ಸುತ್ತುಗಳಲ್ಲಿ ಪೂರ್ತಿ ಹುಷಾರಾದರು. ಸುಮಾರು 7 ಲಕ್ಷ ಕಿಲೋಮೀಟರ್ ಕ್ರಮಿಸಿ, 25 ಗಂಟೆಗಳ ನಂತರ, ರೈಲು ಹಳಿಯ ಹತ್ತಿರದ ಬಯಲಿನಲ್ಲಿ ಪ್ಯಾರಾಚೂಟ್ ಹಿಡಿದು ಇಳಿದರು. 26 ತುಂಬಲು ಇನ್ನೂ ಒಂದು ತಿಂಗಳಿತ್ತು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಭೂಮಿಯನ್ನು ಸುತ್ತಿಬಂದವರು ಮತ್ತೊಬ್ಬರಿಲ್ಲ.

ನಾನು ಈ ಲೇಖನ ಬರೆಯಲು ನಿಜವಾದ ಕಾರಣ ಇದರ ನಂತರದ ಸಂಗತಿ. ಮೇಲಿದ್ದಾಗ ಎಲ್ಲ ಚೆನ್ನಾಗಿದೆ ಎಂದೇ ಟಿಟೊವ್ ರೇಡಿಯೋದಲ್ಲಿ ಹೇಳುತ್ತಿದ್ದರು. ಕೆಳಗೆ ಇಳಿದ ಮೇಲೂ ಹಾಗೆಯೇ ಇದ್ದುಬಿಡಬಹುದಿತ್ತು. ದೇಶವೆಲ್ಲ ಹೊಗಳುತ್ತಿರುವಾಗ ವಾಂತಿಯ ಮಾತು ಯಾರಿಗೆ ಬೇಕು? ಮಣಿಕಟ್ಟು ಮುಚ್ಚಿಟ್ಟವರಿಗೆ ಇದನ್ನು ಮುಚ್ಚಿಡುವುದು ಕಷ್ಟವಾಗುತ್ತಿರಲಿಲ್ಲ. ಆದರೆ ಅಧಿಕಾರಿಗಳ ಮತ್ತು ವೈದ್ಯರ ಮುಂದೆ ತಮಗಾದ ಸಂಕಟವನ್ನೆಲ್ಲ ಹೇಳಿಬಿಟ್ಟರು. ಇದು ಎಲ್ಲರಿಗೂ ಬರುವಂಥದೋ, ಇವರೊಬ್ಬರ ದೇಹದ ದೋಷವೋ ಎಂಬ ಅನುಮಾನ ಎದ್ದಿತು. ಮುಂದಿನ ಯಾತ್ರಿಗಳಿಗೆ ಕಿವಿಯೊಳಗಿನ ಸಮತೋಲನದ ಅಂಗವನ್ನು ಪಳಗಿಸುವ ತರಬೇತಿ ಹೆಚ್ಚಿಸಿದರು. ಒಂದು ವರ್ಷದ ನಂತರ ಹೋದ ನಿಕೊಲಾಯೆವ್ ಸುಮಾರು ನಾಲ್ಕು ದಿನ ಮೇಲಿದ್ದು ಬಂದರು. ಬಾಹ್ಯಾಕಾಶಕ್ಕೆ ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಮೊದಲ ದಿನಗಳಲ್ಲಿ ಈ ಸಂಕಟ ಬರುತ್ತದೆಂದು ಇವತ್ತು ಎಲ್ಲರಿಗೂ ಗೊತ್ತು. 1984ರಲ್ಲಿ ನಮ್ಮ ರಾಕೇಶ್ ಶರ್ಮಾ ಅಲ್ಲಿ ಯೋಗಾಸನ ಮಾಡಿ ನೋಡಿದ್ದರಲ್ಲೂ, ತೂಕವಿಲ್ಲದ ಸ್ಥಿತಿಗೆ ಮೈಯನ್ನು ಹೊಂದಿಸಲು ಅದರಿಂದ ಉಪಯೋಗವಾಗುತ್ತದೆಯೇ ಎಂಬ ಪರೀಕ್ಷೆಯಿತ್ತು.

ನಾನು ಮಾಡುವುದು ಸಾಫ್ಟ್‌ವೇರ್ ಕೆಲಸ. ಒಮ್ಮೆ ನಾನು ಬರೆದ ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದು ಗೊತ್ತಿದ್ದೂ ಎರಡು ದಿನ ಯಾರಿಗೂ ಹೇಳಲಿಲ್ಲ. ಆ ಎರಡು ರಾತ್ರಿ ಬೆಂಗಳೂರಿನ ಬಾಡಿಗೆ ಮನೆಯಲ್ಲಿ, ಭೂಮಿಯ ಪೂರ್ತಿ ಸೆಳೆತ ಇದ್ದರೂ ನನಗೆ ನಿದ್ದೆ ಬರಲಿಲ್ಲ. ಮೂರನೇ ದಿನ ಹೇಳಿದೆ. ಬೈಗುಳ ತಿಂದೆ, ರಾತ್ರಿ ನಿದ್ದೆ ಮಾಡಿದೆ.

ಟಿಟೊವ್ ಮತ್ತೆ ಬಾಹ್ಯಾಕಾಶಕ್ಕೆ ಹೋಗಲಿಲ್ಲ. ರೆಕ್ಕೆಯಿರುವ ಹೊಸ ಬಗೆಯ ನೌಕೆಯ ಯೋಜನೆಯಲ್ಲಿ ಪೈಲಟ್ ಆಗಿ ದುಡಿಯುತ್ತಿದ್ದಾಗ, 1968ರ ಮಾರ್ಚ್ 27ರಂದು ಗಗಾರಿನ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮೊದಲಿಗರನ್ನು ಕಳೆದುಕೊಂಡ ದೇಶ ಎರಡನೆಯವರನ್ನೂ ಕಳೆದುಕೊಳ್ಳಲು ತಯಾರಿರಲಿಲ್ಲ. ಅಲ್ಲಿಗೆ ಅವರ ಹಾರಾಟಕ್ಕೆ ತಡೆ ಬಿತ್ತು. ಸೇನೆಯಲ್ಲಿ ದೊಡ್ಡ ಹುದ್ದೆಗೇರಿದರು, 1995ರಲ್ಲಿ ರಷ್ಯಾದ ಸಂಸತ್ತಿಗೆ ಆಯ್ಕೆಯಾದರು. 2000ದ ಸೆಪ್ಟೆಂಬರ್ 20ರಂದು 65ನೇ ವಯಸ್ಸಿನಲ್ಲಿ ನಿಧನರಾದರು. ಚಂದ್ರನ ಆಚೆ ಮಗ್ಗುಲಿನ ಒಂದು ಕುಳಿಗೆ ಅವರ ಹೆಸರಿದೆ.

ಇನ್ನು ಸರ್ ಕೇಳಿದ್ದಕ್ಕೆ ಉತ್ತರ. ಈಗ ಬಾಹ್ಯಾಕಾಶ ನಿಲ್ದಾಣದಲ್ಲಿ ಒಬ್ಬೊಬ್ಬರಿಗೆ ಬೀರುವಿನಷ್ಟು ಗೂಡು ಇರುತ್ತದೆ. ಗೋಡೆಗೆ ಕಟ್ಟಿದ ಮಲಗುವ ಚೀಲದೊಳಗೆ ತೂರಿಕೊಂಡು ನಿದ್ದೆ ಮಾಡುತ್ತಾರೆ. ನಿಂತು ಮಲಗಿದರೂ ಅಡ್ಡ ಮಲಗಿದರೂ ಒಂದೇ, ದಿಂಬು ಬೇಕಿಲ್ಲ. ದಿನಕ್ಕೆ 16 ಸಲ ಸೂರ್ಯ ಹುಟ್ಟುವುದರಿಂದ ಬೆಳಕನ್ನು ಮರೆ ಮಾಡಿಕೊಳ್ಳಬೇಕು. ಫ್ಯಾನ್ ಮಾತ್ರ ಇರಲೇಬೇಕು, ಸೆಕೆಗಲ್ಲ. ಅಲ್ಲಿ ಬಿಸಿಗಾಳಿ ಮೇಲೇರುವುದಿಲ್ಲವಾದ್ದರಿಂದ, ನಾವು ಬಿಟ್ಟ ಉಸಿರು ನಮ್ಮ ಮುಖದ ಸುತ್ತಲೇ ನಿಂತುಬಿಡುತ್ತದೆ. 2025ರಲ್ಲಿ ಧಾರವಾಡದ ವಿಜ್ಞಾನಿಗಳು ಕೊಟ್ಟ ಮೆಂತ್ಯ ಮತ್ತು ಹೆಸರುಕಾಳನ್ನು ಮೊಳಕೆ ಬರಿಸಲು ಒಯ್ದಿದ್ದ ಶುಭಾಂಶು ಶುಕ್ಲಾ ಕೂಡ ಆ ನಿಲ್ದಾಣದಲ್ಲೇ 18 ದಿನ ಇದ್ದು ಬಂದರು.

ಆ ನಿಲ್ದಾಣ ಕೆಲವು ದಿನ ನಮ್ಮ ಊರಿನ ಮೇಲೂ ಹಾದುಹೋಗುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋದ ಸಂಜೆ ಮಾಳಿಗೆ ಮೇಲೆ ಕೌದಿ ಹಾಸಿಕೊಂಡು ಮಲಗಿದರೆ, ಮಿಣುಕದೆ ಸಾಗುವ ದೊಡ್ಡ ಚುಕ್ಕಿಯಂತೆ ಐದಾರು ನಿಮಿಷ ಕಾಣುತ್ತದೆ. ಹೋದ ಸಲ ಊರಿಗೆ ಬಂದಾಗ ನನ್ನ ಅಣ್ಣನ ಮಗಳಿಗೆ ತೋರಿಸಿದೆ. ಅದರೊಳಗೆ ಜನ ಇದ್ದಾರೆ ಎಂದಾಗ, ಅವರು ಈಗ ಮಲಗಿದ್ದಾರಾ ಎದ್ದಿದ್ದಾರಾ ಎಂದು ಅವಳು ಕೇಳಿದಳು.